ಸುಡಾನಿನ ಬೀದಿ ಅಡುಗೆಮನೆ, ನಮ್ಮ ಹಕ್ಕಿಪಿಕ್ಕಿ ಕ್ಯಾಂಪು

(ಊರಿನ ಗ್ರಂಥಾಲಯದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರಾಜಕೀಯ ತಲೆಕೆಳಗಾದಾಗ ಸಾಮಾನ್ಯ ಜನ ಏನು ಮಾಡುತ್ತಾರೆ ಎಂಬ ವಿಷಯ ಕೊಟ್ಟು, ಯಾವ ದೇಶದ ಬಗ್ಗೆ ಮಾತನಾಡಬೇಕೆಂಬುದನ್ನು ನನಗೇ ಬಿಟ್ಟಿದ್ದೀರಿ. ನಾನು ಸುಡಾನನ್ನು ಆರಿಸಿಕೊಂಡೆ. ಸುಮಾರು 5 ಕೋಟಿ ಜನರಿರುವ ಆ ದೇಶದಲ್ಲಿ 2023ರಲ್ಲಿ ಶುರುವಾದ ಯುದ್ಧದಿಂದಾಗಿ 1 ಕೋಟಿಗೂ ಹೆಚ್ಚು ಮಂದಿ ಮನೆ ಬಿಟ್ಟು ಓಡಿದ್ದಾರೆ. ಇಷ್ಟಾದರೂ ನಮ್ಮ ಪತ್ರಿಕೆಗಳಲ್ಲಿ ಅದರ ಸುದ್ದಿ ಒಳಪುಟದ ಮೂಲೆಯಲ್ಲೂ ಅಪರೂಪ. ಇನ್ನೊಂದು ಕಾರಣ ನಮಗೆ ತೀರಾ ಹತ್ತಿರದ್ದು. ಆ ಯುದ್ಧ ಶುರುವಾದ ದಿನ ನಮ್ಮ ಮೈಸೂರು, ದಾವಣಗೆರೆ, ಶಿವಮೊಗ್ಗ ಜಿಲ್ಲೆಗಳ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಅಲ್ಲಿ ಬಾಡಿಗೆ ಕೋಣೆಗಳಲ್ಲಿ ಸಿಕ್ಕಿಕೊಂಡಿದ್ದರು.

ಇಂಥ ಸುದ್ದಿ ಬಂದಾಗ ನಾವು ಸೇನಾಪತಿಗಳ ಹೆಸರು ಕಲಿಯುತ್ತೇವೆ, ನಕಾಶೆ ನೋಡುತ್ತೇವೆ. ಜನರ ವಿಷಯಕ್ಕೆ ಬಂದರೆ, ಹೇಗೋ ಬದುಕಿಕೊಳ್ಳುತ್ತಾರೆ ಬಿಡಿ ಎಂದು ಪುಟ ತಿರುವುತ್ತೇವೆ. ಹಾಗೆ ಬದುಕಿಕೊಳ್ಳಲು ದುಡ್ಡು ಎಲ್ಲಿಂದ ಬಂತು, ಬೇಳೆ ಯಾರು ತಂದರು, ಯಾವ ರಸ್ತೆ ತೆರೆದಿದೆ ಅಂತ ಯಾರು ಹೇಳಿದರು, ಕೊನೆಗೆ ಸಾಲ ಯಾರ ತಲೆಗೆ ಬಂತು? ಇವತ್ತು ನಾನು ಮಾತನಾಡುವುದು ಇಷ್ಟನ್ನೇ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 2018ರ ಡಿಸೆಂಬರ್‌ನಲ್ಲಿ ಸುಡಾನಿನಲ್ಲಿ ರೊಟ್ಟಿಯ ಬೆಲೆ ಒಂದು ಪೌಂಡಿನಿಂದ ಮೂರು ಪೌಂಡಿಗೆ ಏರಿತು. ಅತ್ಬರಾ ಎಂಬ ರೈಲ್ವೆ ಕಾರ್ಮಿಕರ ಊರಿನಲ್ಲಿ ಜನ ಬೀದಿಗೆ ಬಂದರು. ಅಲ್ಲಿಂದ ಹೊತ್ತಿಕೊಂಡ ಚಳವಳಿ 2019ರ ಏಪ್ರಿಲ್ 11ರಂದು, 30 ವರ್ಷ ಆಳಿದ್ದ ಒಮರ್ ಅಲ್ ಬಶೀರ್‌ನನ್ನು ಇಳಿಸಿತು. ರಾಜಧಾನಿ ಖಾರ್ಟೂಮಿನ ಸೇನಾ ಕಚೇರಿಯ ಮುಂದೆ ಧರಣಿ ಕೂತಿದ್ದ ಜನರ ಮೇಲೆ ಅದೇ ಜೂನ್ 3ರಂದು ಗುಂಡು ಹಾರಿಸಿ ಬಹಳ ಮಂದಿಯನ್ನು ಕೊಂದರು. ಸೇನೆ ಮತ್ತು ನಾಗರಿಕರು ಅಧಿಕಾರ ಹಂಚಿಕೊಂಡ ಒಂದು ಸರ್ಕಾರ ಬಂತು, 2021ರ ಅಕ್ಟೋಬರ್ 25ರಂದು ಸೇನೆ ಅದನ್ನೂ ಕಿತ್ತುಹಾಕಿತು. ಆ ಕ್ಷಿಪ್ರಕ್ರಾಂತಿಯನ್ನು ಜೊತೆಗೂಡಿ ಮಾಡಿದ ಇಬ್ಬರು, ಸೇನೆಯ ಬುರ್ಹಾನ್ ಮತ್ತು ರ‍್ಯಾಪಿಡ್ ಸಪೋರ್ಟ್ ಫೋರ್ಸಸ್ ಎಂಬ ಅರೆಸೇನೆಯ ಹೆಮೆದ್ತಿ, 2023ರ ಏಪ್ರಿಲ್ 15ರ ಶನಿವಾರ ಒಬ್ಬರ ಮೇಲೊಬ್ಬರು ಬಿದ್ದರು. ರಾಜಧಾನಿಯ ನಟ್ಟನಡುವೆ, ರಂಜಾನ್ ತಿಂಗಳ ಕೊನೆಯ ದಿನಗಳಲ್ಲಿ.

ಈ ಇತಿಹಾಸದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಪತ್ರಿಕೆಗಳು ಹೆಚ್ಚು ಬರೆಯದ ಒಂದು ಸಂಗತಿ. ಬಶೀರ್ ವಿರುದ್ಧ ಹೋರಾಡುವಾಗ ಸುಡಾನಿನ ಬಡಾವಣೆ ಬಡಾವಣೆಗಳಲ್ಲಿ ‘ಪ್ರತಿರೋಧ ಸಮಿತಿ’ಗಳು ಹುಟ್ಟಿಕೊಂಡಿದ್ದವು. ಹತ್ತಿಪ್ಪತ್ತು ಹುಡುಗ ಹುಡುಗಿಯರು, ಒಂದು ವಾಟ್ಸ್‌ಆ್ಯಪ್ ಗುಂಪು, ಯಾರ ಮನೆಯಲ್ಲಿ ಯಾರಿದ್ದಾರೆ ಎಂಬ ತಿಳಿವಳಿಕೆ. ಮೆರವಣಿಗೆ ಯಾವ ದಾರಿಯಲ್ಲಿ ಹೋಗಬೇಕು, ಗಾಯಗೊಂಡವರನ್ನು ಯಾವ ಮನೆಗೆ ಒಯ್ಯಬೇಕು ಎಂಬುದನ್ನು ಅವರೇ ನೋಡಿಕೊಳ್ಳುತ್ತಿದ್ದರು. ಯುದ್ಧ ಬಂದಾಗ ಇದೇ ಹುಡುಗರು ಕೆಲವೇ ದಿನಗಳಲ್ಲಿ ‘ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್’, ಅಂದರೆ ತುರ್ತು ನೆರವಿನ ಕೋಣೆ, ಎಂಬ ಹೆಸರಿನಲ್ಲಿ ಕೆಲಸಕ್ಕೆ ಇಳಿದರು. ದೊಡ್ಡ ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳ ಸಿಬ್ಬಂದಿಯನ್ನು ವಿಮಾನ, ಹಡಗುಗಳಲ್ಲಿ ಸಾಗಿಸುತ್ತಿದ್ದ ವಾರವೇ, ಇವರು ಯಾವ ಬಾವಿಯಲ್ಲಿ ನೀರಿದೆ ಎಂದು ಹುಡುಕುತ್ತಿದ್ದರು.

ನೀರಿನ ಮಾತು ಸುಮ್ಮನೆ ಎತ್ತಲಿಲ್ಲ. ಖಾರ್ಟೂಮಿಗೆ ಅಂಟಿಕೊಂಡೇ ಇರುವ ಬಹ್ರಿ ನಗರದ ನೀರು ಶುದ್ಧೀಕರಣ ಘಟಕ ಯುದ್ಧದ ಮೊದಲ ದಿನವೇ ನಿಂತಿತು. ರಿಪೇರಿ ಮಾಡಬೇಕಾದವರಿಗೆ ಅಲ್ಲಿಗೆ ಹೋಗಲು ಆಗಲಿಲ್ಲ. ನೀಲಿ ನೈಲ್ ಮತ್ತು ಬಿಳಿ ನೈಲ್ ಕೂಡುವ ಊರಿನಲ್ಲಿ ಜನ ಕುಡಿಯುವ ನೀರಿಗೆ ಒದ್ದಾಡಿದರು. ಕತ್ತೆಗಾಡಿಯಲ್ಲಿ ಡ್ರಮ್ಮು ಇಟ್ಟುಕೊಂಡು ನದಿಗೆ ಹೋಗುವವನು ಗುಂಡಿಗೆ ಸಿಕ್ಕಬಹುದು. ಹೋಗದಿದ್ದರೆ ಮನೆಯ ಮಕ್ಕಳು ಬಾಯಾರಿ ಕೂರಬೇಕು. ಫೇಸ್‌ಬುಕ್ ಗುಂಪುಗಳಲ್ಲಿ ಆ ದಿನಗಳಲ್ಲಿ ಜನ ಹಾಕುತ್ತಿದ್ದ ವಿಷಯಗಳು ಇವೇ: ಯಾವ ಬೇಕರಿ ತೆರೆದಿದೆ, ಯಾವ ಸೇತುವೆ ದಾಟಬಹುದು, ಯಾರ ಹತ್ತಿರ ಇನ್ಸುಲಿನ್ ಉಳಿದಿದೆ. ದೇಶದ ಭವಿಷ್ಯದ ಬಗ್ಗೆ ಟಿವಿಯಲ್ಲಿ ಎರಡೂ ಕಡೆಯ ವಕ್ತಾರರು ಮಾತನಾಡುತ್ತಿದ್ದರು. ಜನರಿಗೆ ಬೇಕಾಗಿದ್ದ ಮಾಹಿತಿಯನ್ನು ಜನರೇ ಒಬ್ಬರಿಗೊಬ್ಬರು ಕೊಟ್ಟುಕೊಂಡರು.

ಈ ಹುಡುಗರು ನಡೆಸುವ ಒಂದು ಬೀದಿ ಅಡುಗೆಮನೆ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ಕತೆಯ ಜೀವ ಅಲ್ಲಿದೆ. ಸುಡಾನಿನಲ್ಲಿ ಇದಕ್ಕೆ ತಕಿಯಾ ಎನ್ನುತ್ತಾರೆ. ಸೂಫಿ ಮಠಗಳಲ್ಲಿ ಬಂದವರಿಗೆಲ್ಲ ಊಟ ಹಾಕುವ ಹಳೆಯ ಪದ್ಧತಿ ಅದು. ಒಂದು ಶಾಲೆಯ ಅಂಗಳ ಅಥವಾ ಮಸೀದಿಯ ಪಕ್ಕದ ಜಾಗ. ಗ್ಯಾಸ್ ಇಲ್ಲ, ಆದ್ದರಿಂದ ಸೌದೆ ಒಲೆ. ಅದರ ಮೇಲೆ ಇಬ್ಬರು ಹಿಡಿದು ಎತ್ತಬೇಕಾದ ಅಲ್ಯುಮಿನಿಯಂ ಪಾತ್ರೆ. ಒಳಗೆ ಮಸೂರ ಬೇಳೆ, ಇಲ್ಲವೇ ಫೂಲ್ ಎನ್ನುವ ಅವರ ಅವರೆಜಾತಿಯ ಕಾಳು. ಕೆಲವು ದಿನ ಜೋಳದ ಹಿಟ್ಟಿನ ಅಸೀದಾ. ಉತ್ತರ ಕರ್ನಾಟಕದ ಜೋಳ ತಿನ್ನುವವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಜೋಳದ ಮುದ್ದೆಯೇ. ಬೆಳಿಗ್ಗೆಯಿಂದಲೇ ಮಕ್ಕಳು ಬಕೆಟ್ಟು, ಟಿಫಿನ್ ಡಬ್ಬಿ, ಪ್ಲಾಸ್ಟಿಕ್ ಬೋಗುಣಿ ಸಾಲಾಗಿ ಇಟ್ಟು ಕಾಯುತ್ತಾರೆ.

ಬೇಳೆಗೆ ದುಡ್ಡು? ಬ್ಯಾಂಕುಗಳನ್ನು ಲೂಟಿ ಮಾಡಿದ್ದರು, ಕೈಯಲ್ಲಿ ನಗದು ಇರಲಿಲ್ಲ. ಕೈಹಿಡಿದದ್ದು ಬ್ಯಾಂಕ್ ಆಫ್ ಖಾರ್ಟೂಮ್‌ನ ‘ಬಂಕಕ್’ ಎಂಬ ಮೊಬೈಲ್ ಆ್ಯಪ್, ನಮ್ಮ ಫೋನ್‌ಪೇ ಥರದ್ದು. ರಿಯಾದ್‌ನಲ್ಲಿ ಚಾಲಕನಾಗಿರುವ ಅಣ್ಣ, ಲಂಡನ್ನಿನಲ್ಲಿ ದಾದಿಯಾಗಿರುವ ಅತ್ತಿಗೆ ಒಂದಿಷ್ಟು ಕಳಿಸುತ್ತಾರೆ. ಅದು ಸ್ವಯಂಸೇವಕರ ಖಾತೆಗೆ ಬರುತ್ತದೆ. ಅವರು ಅಂಗಡಿಯವನಿಗೆ ಅದೇ ಆ್ಯಪಿನಲ್ಲಿ ಹಾಕುತ್ತಾರೆ, ಅವನು ಬೇಳೆ ಮೂಟೆ ಕೊಡುತ್ತಾನೆ, ಖರ್ಚಿನ ಲೆಕ್ಕ ಗುಂಪಿಗೆ ಹೋಗುತ್ತದೆ. 2024ರ ಫೆಬ್ರವರಿಯಲ್ಲಿ ದೇಶದ ಬಹುಪಾಲು ಕಡೆ ಫೋನ್, ಇಂಟರ್‌ನೆಟ್ ಎಲ್ಲವೂ ಕಡಿದುಹೋದಾಗ ಈ ಸರಪಳಿಯೂ ಕಡಿಯಿತು, ಎಷ್ಟೋ ಅಡುಗೆಮನೆಗಳ ಒಲೆ ಆರಿತು. ಆಮೇಲೆ ಉಪಗ್ರಹದಿಂದ ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್ ಉಪಕರಣ ತಂದಿಟ್ಟುಕೊಂಡವರು ಗಂಟೆ ಲೆಕ್ಕದಲ್ಲಿ ಇಂಟರ್‌ನೆಟ್ ಮಾರತೊಡಗಿದರು. ದುಡ್ಡು ಬಂದಿದೆಯೇ ಎಂದು ನೋಡಲು ಜನ ಅಲ್ಲಿ ದುಡ್ಡು ಕೊಟ್ಟು ಸಾಲು ನಿಂತರು.

ನಮ್ಮ ಹಳ್ಳಿಗಳಲ್ಲಿ ನಾಟಿ, ಕೊಯ್ಲಿಗೆ ಮುಯ್ಯಾಳು ಹೋಗುತ್ತಾರಲ್ಲ, ಸುಡಾನಿನಲ್ಲಿ ನಫೀರ್ ಎಂಬ ಪದ್ಧತಿ ಅದೇ ಬಗೆಯದು. ಮನೆ ಕಟ್ಟುವಾಗ, ಸುಗ್ಗಿಯಲ್ಲಿ, ನೆರೆ ಬಂದಾಗ ಊರೇ ಕೂಡಿ ದುಡಿಯುತ್ತದೆ. 2013ರಲ್ಲಿ ಖಾರ್ಟೂಮಿಗೆ ನೆರೆ ಬಂದಾಗ ಯುವಕರು ಇದೇ ಹೆಸರಿನಲ್ಲಿ ಪರಿಹಾರ ಕೆಲಸ ಮಾಡಿದ್ದರು. ಅಂದರೆ ಯುದ್ಧ ಬಂದ ಮೇಲೆ ಯಾರೂ ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. ನೆರೆಗೆ ಕೂಡಿಕೊಂಡವರು ಚಳವಳಿಗೆ ಕೂಡಿಕೊಂಡರು, ಚಳವಳಿಗೆ ಕೂಡಿಕೊಂಡವರು ಯುದ್ಧದಲ್ಲಿ ಬೇಳೆ ಬೇಯಿಸಿದರು. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದ ಬಡಾವಣೆಯಲ್ಲಿ ಏಪ್ರಿಲ್ 15ರಂದು ಇದನ್ನೆಲ್ಲ ಶುರುಮಾಡಲು ಸಾಧ್ಯವಿರಲಿಲ್ಲ.

ಇಲ್ಲಿ ಖಾರ್ಟೂಮಿನ ಚಹಾ ಮಾರುವ ಹೆಂಗಸರನ್ನು ಮರೆಯಬಾರದು. ರಸ್ತೆ ಬದಿಯಲ್ಲಿ ಸಣ್ಣ ಇದ್ದಿಲ ಒಲೆ, ಗಾಜಿನ ಲೋಟ, ಸುತ್ತ ಕುಳ್ಳ ಸ್ಟೂಲುಗಳು. ಇವರಲ್ಲಿ ಬಹಳ ಮಂದಿ ದಾರ್ಫುರ್, ನುಬಾ ಬೆಟ್ಟಗಳಂಥ ಕಡೆ ಹಿಂದೆ ನಡೆದ ಯುದ್ಧಗಳಿಂದ ಓಡಿಬಂದವರು. ರಾಜಧಾನಿಯವರಿಗೆ ಯುದ್ಧ ಹೊಸದಾಗಿರಬಹುದು, ಈ ಹೆಂಗಸರಿಗೆ ಅಲ್ಲ. ಪೊಲೀಸರು ಒಲೆ, ಪಾತ್ರೆ ಕಿತ್ತುಕೊಂಡು ಹೋಗುತ್ತಿದ್ದ ಕಾಲದಲ್ಲಿ, 1990ರಲ್ಲಿ, ಅವಾದಿಯಾ ಮಹಮೂದ್ ಕೋಕೊ ಎಂಬ ಚಹಾ ಮಾರುವ ಹೆಂಗಸು ಇವರದೇ ಒಂದು ಸಹಕಾರ ಸಂಘ ಕಟ್ಟಿದಳು. ಓದು ಹೆಚ್ಚಿಲ್ಲದ ಬೀದಿ ವ್ಯಾಪಾರಿಗಳು ಮೂವತ್ತು ವರ್ಷದ ಸರ್ವಾಧಿಕಾರದಡಿ ಸಂಘ ಉಳಿಸಿಕೊಂಡರು ಎಂಬುದು ನನ್ನ ಮಟ್ಟಿಗೆ ಯಾವ ಸೇನಾಪತಿಯ ಚರಿತ್ರೆಗಿಂತ ದೊಡ್ಡದು.

ಇನ್ನು ಹೊರಟವರ ಕತೆ. ಖಾರ್ಟೂಮಿನಿಂದ ಉತ್ತರಕ್ಕೆ ಈಜಿಪ್ಟ್ ಗಡಿಗೆ ಬಸ್ ಹತ್ತಿದರೆ ವಾದಿ ಹಲ್ಫಾ ಎಂಬ ಊರು ಸಿಗುತ್ತದೆ. ಬಸ್ ಚಾರ್ಜು ಕೆಲವೇ ದಿನಗಳಲ್ಲಿ ಹಲವು ಪಟ್ಟು ಏರಿತು. ಮೊದಲಿಗೆ ಈಜಿಪ್ಟ್ ಹೆಂಗಸರನ್ನು, ಮಕ್ಕಳನ್ನು, 50 ದಾಟಿದ ಗಂಡಸರನ್ನು ವೀಸಾ ಇಲ್ಲದೆ ಬಿಡುತ್ತಿತ್ತು. 16ರಿಂದ 50ರ ಗಂಡಸರಿಗೆ ವೀಸಾ ಬೇಕಿತ್ತು. ಹಾಗಾಗಿ ಕುಟುಂಬಗಳು ಗಡಿಯಲ್ಲಿ ಇಬ್ಭಾಗವಾದವು. ಅಮ್ಮ, ಮಕ್ಕಳು ದಾಟಿಹೋದರು, ಅಪ್ಪ ವಾದಿ ಹಲ್ಫಾದ ಶಾಲೆಯ ನೆಲದ ಮೇಲೆ ವಾರಗಟ್ಟಲೆ ಮಲಗಿದ. ಜೂನ್ ತಿಂಗಳಲ್ಲಿ ಎಲ್ಲರಿಗೂ ವೀಸಾ ಕಡ್ಡಾಯ ಮಾಡಿ ಆ ಕಿಂಡಿಯನ್ನೂ ಮುಚ್ಚಿದರು. ದಾಟಿದವರು ಕೈರೋ ಪಕ್ಕದ ಗೀಝಾದ ಫೈಸಲ್ ಬಡಾವಣೆಯಲ್ಲಿ ಹೆಚ್ಚಾಗಿ ನೆಲೆಸಿದರು. ಈಗ ಅಲ್ಲಿ ಸುಡಾನಿ ಹೋಟೆಲು, ಸುಡಾನಿ ಕಿರಾಣಿ ಅಂಗಡಿ ಬಂದಿವೆ. ಮೊದಲು ಬಂದವರು ನಂತರ ಬಂದವರಿಗೆ ಮನೆ ಹುಡುಕಿಕೊಡುತ್ತಾರೆ.

ಈಗ ನಮ್ಮವರ ವಿಷಯ.

ಹಕ್ಕಿಪಿಕ್ಕಿ ಜನ ಹುಣಸೂರಿನ ಪಕ್ಷಿರಾಜಪುರ, ಶಿವಮೊಗ್ಗದ ಸದಾಶಿವಪುರ, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ, ಚನ್ನಗಿರಿ ಸೀಮೆಯ ಕ್ಯಾಂಪುಗಳಲ್ಲಿದ್ದಾರೆ. ಎಲ್ಲ ಸೇರಿ ಕರ್ನಾಟಕದಲ್ಲಿ ಸುಮಾರು 12 ಸಾವಿರ ಎಂದು 2011ರ ಜನಗಣತಿ ಹೇಳುತ್ತದೆ. ಮನೆಯಲ್ಲಿ ಆಡುವುದು ಗುಜರಾತಿಗೆ ಹತ್ತಿರದ ವಾಗ್ರಿ, ಹೊರಗೆ ಕನ್ನಡ. ತಲೆತಲಾಂತರದಿಂದ ಹಕ್ಕಿ ಹಿಡಿದು, ಬೇಟೆಯಾಡಿ ಬದುಕಿದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬು ಅಪರಾಧವಾಯಿತು. ಕಾಡು ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ದಿಲ್ಲಿಯಲ್ಲಿ ಒಂದು ಕಾಯ್ದೆ ಆದಾಗ ಯಾರದೋ ಅನ್ನದ ದಾರಿ ರಾತ್ರೋರಾತ್ರಿ ಮುಚ್ಚಿಹೋದರೆ, ಅವರ ಪಾಲಿಗೆ ಅದೂ ಒಂದು ಅಲ್ಲೋಲಕಲ್ಲೋಲವೇ. ಯುದ್ಧ, ಕ್ಷಿಪ್ರಕ್ರಾಂತಿಗಳಷ್ಟೇ ಜನರ ಬದುಕನ್ನು ಕೆಡವುತ್ತವೆ ಎಂದುಕೊಳ್ಳಬಾರದು.

ಅವರು ದಾರಿ ಬದಲಿಸಿದರು. ಸಂತೆ, ಜಾತ್ರೆಗಳಲ್ಲಿ ಪ್ಲಾಸ್ಟಿಕ್ ಹೂವು ಮಾರಿದರು, ಗಿಡಮೂಲಿಕೆ ಎಣ್ಣೆ ಮಾರಿದರು. ಯಾರೋ ಮೊದಲು ಸಿಂಗಪುರ, ಥಾಯ್ಲೆಂಡ್ ಕಡೆ ಹೋಗಿ ನೋಡಿದರು, ಆಮೇಲೆ ಆಫ್ರಿಕಾದ ದೇಶಗಳು. ಅಲ್ಲಿ ತಲೆಗೂದಲ ಎಣ್ಣೆ, ನೋವಿನ ಎಣ್ಣೆಗೆ ಒಳ್ಳೆಯ ಗಿರಾಕಿ. ಇತ್ತೀಚೆಗೆ ಇನ್‌ಸ್ಟಾಗ್ರಾಂನಲ್ಲಿ ‘ಆದಿವಾಸಿ ಹೇರ್ ಆಯಿಲ್’ ಎಂದು ಓಡಾಡಿದ್ದು ಇವರದೇ ಎಣ್ಣೆ. ಟಿಕೆಟ್ಟಿಗೆ, ಸರಕಿಗೆ ದುಡ್ಡು ಬಡ್ಡಿ ಸಾಲ. ಗಂಡ, ಹೆಂಡತಿ, ಭಾವ, ಮೈದುನ ಎಲ್ಲ ಗುಂಪಾಗಿ ಹೋಗುತ್ತಾರೆ, ಒಂದೇ ಮನೆ ಬಾಡಿಗೆಗೆ ಹಿಡಿಯುತ್ತಾರೆ, ಆರು ತಿಂಗಳೋ ವರ್ಷವೋ ಮಾರಿ ಬಂದು ಸಾಲ ತೀರಿಸುತ್ತಾರೆ.

2023ರ ಏಪ್ರಿಲ್‌ನಲ್ಲಿ ಅವರಲ್ಲಿ ಒಂದು ಗುಂಪು ದಾರ್ಫುರಿನ ಎಲ್ ಫಾಶರ್ ಪಟ್ಟಣದಲ್ಲಿತ್ತು, ಉಳಿದವರು ಖಾರ್ಟೂಮ್ ಮುಂತಾದ ಕಡೆ. ಹೊರಗೆ ಗುಂಡು, ಒಳಗೆ ದಿನಸಿ ಮುಗಿಯುತ್ತಿದೆ. ಖಾರ್ಟೂಮಿನಲ್ಲಿ ಕೇರಳ ಮೂಲದ ಒಬ್ಬರು ತಮ್ಮ ಮನೆಯಲ್ಲೇ ಗುಂಡು ತಗುಲಿ ತೀರಿಕೊಂಡ ಸುದ್ದಿ ಆಗಲೇ ಹಬ್ಬಿತ್ತು. ಇವರು ಫೋನಿನಲ್ಲಿ ಊರಿಗೆ ತಿಳಿಸಿದರು, ನಮ್ಮ ಪತ್ರಕರ್ತರೊಂದಿಗೆ ಮಾತನಾಡಿದರು, ಹಾಗಾಗಿ ವಿಷಯ ಹೊರಬಿತ್ತು. ಆಗ ಇಲ್ಲಿ ಮೇ 10ರ ವಿಧಾನಸಭಾ ಚುನಾವಣೆಯ ಕಾವು. ನಾಯಕರ ನಡುವೆ ಟ್ವಿಟರ್‌ನಲ್ಲಿ ಜಟಾಪಟಿ ನಡೆಯಿತು. ಟಿವಿಗಳು ಆ ಜಟಾಪಟಿಯನ್ನು ತೋರಿಸಿದಷ್ಟು ಹೊತ್ತು, ಆ ಕೋಣೆಗಳಲ್ಲಿದ್ದವರು ಯಾರು, ಅಷ್ಟು ದೂರ ಯಾಕೆ ಹೋಗಿದ್ದರು ಎಂಬುದನ್ನು ತೋರಿಸಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಏಪ್ರಿಲ್ 24ರಂದು ಕೇಂದ್ರ ಸರ್ಕಾರ ‘ಆಪರೇಷನ್ ಕಾವೇರಿ’ ಶುರುಮಾಡಿತು. ಖಾರ್ಟೂಮಿನಿಂದ ಕೆಂಪು ಸಮುದ್ರದ ಪೋರ್ಟ್ ಸುಡಾನ್‌ಗೆ 800 ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸು, ಅಲ್ಲಿಂದ ನೌಕಾಪಡೆಯ ಹಡಗು ಅಥವಾ ವಾಯುಪಡೆಯ ವಿಮಾನದಲ್ಲಿ ಸೌದಿ ಅರೇಬಿಯಾದ ಜೆಡ್ಡಾ, ಅಲ್ಲಿಂದ ಭಾರತ. ಮೊದಲ ತಂಡದ 278 ಜನರನ್ನು ಐಎನ್‌ಎಸ್ ಸುಮೇಧಾ ಹಡಗು ಜೆಡ್ಡಾಕ್ಕೆ ಕರೆತಂದಿತು. ವಾದಿ ಸಯ್ಯಿದ್ನಾ ಎಂಬ ಕಡೆ, ದೀಪವಿಲ್ಲದ ಸಣ್ಣ ಓಡುದಾರಿಯ ಮೇಲೆ ರಾತ್ರಿ ವಿಮಾನ ಇಳಿಸಿ 121 ಮಂದಿಯನ್ನು ಎತ್ತಿಕೊಂಡು ಬಂದರು. ಒಟ್ಟು 3,862 ಜನ ಹಿಂದಿರುಗಿದರು. ಆ ಸೈನಿಕರ, ರಾಯಭಾರ ಕಚೇರಿಯವರ ಕೆಲಸ ದೊಡ್ಡದು, ಅದನ್ನು ತುಂಬು ಮನಸ್ಸಿನಿಂದ ಹೇಳಬೇಕು. ಬೆಂಗಳೂರಿಗೆ ಬಂದಿಳಿದವರಲ್ಲಿ ಕೆಲವರ ಬಳಿ ಹಳದಿ ಜ್ವರದ ಲಸಿಕೆ ಪತ್ರ ಇರಲಿಲ್ಲವೆಂದು ಅವರನ್ನು ಪ್ರತ್ಯೇಕವಾಗಿ ಇರಿಸಬೇಕಾಯಿತು. ನಿಯಮ ಸರಿಯೇ ಇದೆ, ಆದರೂ ಜೀವ ಉಳಿಸಿಕೊಂಡು ಬಂದವರಿಗೆ ಮನೆ ಇನ್ನೂ ಕೆಲವು ದಿನ ದೂರ.

ವಿಮಾನ ಜನರನ್ನು ತಂದಿತು. ಎಣ್ಣೆ ಸೀಸೆಗಳು, ಮಾರಿ ಕೂಡಿಸಿದ್ದ ದುಡ್ಡು ಅಲ್ಲೇ ಹೋದವು. ಸಾಲ ಮಾತ್ರ ಊರಿನಲ್ಲಿತ್ತು. ಹಕ್ಕಿಪಿಕ್ಕಿ ಕ್ಯಾಂಪಿನಲ್ಲಿ ಯುದ್ಧದ ನಷ್ಟ ತುಂಬಿಕೊಟ್ಟದ್ದು ಯಾವ ದೇಶವೂ ಅಲ್ಲ, ಬಡ್ಡಿ ಕಟ್ಟಿದ ಆ ಕುಟುಂಬಗಳೇ. ಹಾಗಾಗಿ ಬೇರೆ ದೇಶಕ್ಕೆ ಮತ್ತೆ ಹೊರಟವರೂ ಇದ್ದಾರೆ. ಇಷ್ಟೆಲ್ಲ ಆದ ಮೇಲೂ ಹೋಗುತ್ತಾರಲ್ಲ ಎಂದು ಬೈಯುವವರನ್ನು ಕಂಡಿದ್ದೇನೆ. ಇಲ್ಲೇ ಕೂತು ಆ ಸಾಲ ತೀರಿಸುವ ದಾರಿ ಯಾವುದು ಎಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ.

ಸುಡಾನಿನಲ್ಲೂ ಲೆಕ್ಕ ಇದೇ. ಬೀದಿ ಅಡುಗೆಮನೆ ನಡೆಸುವ ಆ ಸ್ವಯಂಸೇವಕರಿಗೆ 2025ರಲ್ಲಿ ಮಾನವ ಹಕ್ಕುಗಳ ಕೆಲಸಕ್ಕೆ ಕೊಡುವ ರಾಫ್ತೊ ಪ್ರಶಸ್ತಿ ಬಂತು, ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂತು. ಸಂತೋಷ. ಆದರೆ ಅದೇ ವರ್ಷದ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವು ನಿಲ್ಲಿಸಿದಾಗ ಅವರ ನೂರಾರು ಅಡುಗೆಮನೆಗಳು ಮುಚ್ಚಿದವು. ಎರಡೂ ಪಡೆಗಳು ಈ ಹುಡುಗರನ್ನು ಎದುರಾಳಿಯ ಗೂಢಚಾರರೆಂದು ಹಿಡಿದು ಹಿಂಸಿಸಿವೆ, ಎಷ್ಟೋ ಮಂದಿಯನ್ನು ಕೊಂದಿವೆ. ಬೇಳೆ ಹಂಚುವವನ ಮೇಲೆ ಬಂದೂಕಿನವರಿಗೆ ಯಾಕೆ ಸಿಟ್ಟು? ಹಸಿದ ಬಡಾವಣೆ ಬಂದೂಕಿನವನ ಮಾತು ಕೇಳುತ್ತದೆ, ತಾನೇ ಅಡುಗೆ ಮಾಡಿಕೊಳ್ಳುವ ಬಡಾವಣೆ ಅಷ್ಟು ಸುಲಭಕ್ಕೆ ಕೇಳುವುದಿಲ್ಲ. ನಮ್ಮ ಹಕ್ಕಿಪಿಕ್ಕಿಗಳಿದ್ದ ಎಲ್ ಫಾಶರ್ ಪಟ್ಟಣವನ್ನು ಅರೆಸೇನೆ 2024ರ ಮೇ ತಿಂಗಳಿಂದ ಸುತ್ತುವರಿದು ಕೂತಿತು. ಕೊನೆಕೊನೆಗೆ ಅಲ್ಲಿನ ಅಡುಗೆಮನೆಗಳಲ್ಲಿ ಬೇಯಿಸಿದ್ದು ಅಂಬಾಝ್, ಅಂದರೆ ಎಣ್ಣೆ ತೆಗೆದ ಶೇಂಗಾ ಹಿಂಡಿ, ದನಕ್ಕೆ ಹಾಕುವಂಥದ್ದು. 2025ರ ಅಕ್ಟೋಬರ್‌ನಲ್ಲಿ ಪಟ್ಟಣ ಅರೆಸೇನೆಯ ಕೈಗೆ ಬಿತ್ತು, ನಂತರ ನಡೆದದ್ದು ಸಾಮೂಹಿಕ ಕೊಲೆ. ನೆರೆಹೊರೆಯ ಬಲಕ್ಕೂ ಒಂದು ಮಿತಿ ಇದೆ. ಮುತ್ತಿಗೆಯನ್ನು ಸೌಟಿನಿಂದ ಮುರಿಯಲು ಆಗುವುದಿಲ್ಲ. ಜನರ ತಾಳ್ಮೆಯನ್ನು ಬರೀ ಹೊಗಳುವುದು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಹೊಗಳಿಕೆ ಜೋರಾದಷ್ಟೂ ಆ ಗತಿ ತಂದವರ ಹೆಸರು ಮರೆಗೆ ಸರಿಯುತ್ತದೆ.

ಸಭಿಕರೊಬ್ಬರು ಕೇಳಿದರು: ಸುಡಾನಿನಲ್ಲಿ ಬೇರೆ ಭಾರತೀಯರು ಇರಲಿಲ್ಲವೇ, ಅವರು ಏನು ಮಾಡಿದರು?

ಇದ್ದರು. ಖಾರ್ಟೂಮಿನ ಎದುರು ದಡದ ಓಮ್ದುರ್ಮನ್‌ನಲ್ಲಿ ಹಲವು ತಲೆಮಾರುಗಳಿಂದ ನೆಲೆಸಿದ ಗುಜರಾತಿ ವ್ಯಾಪಾರಿ ಕುಟುಂಬಗಳು ಇದ್ದವು. ಅವರಿಗೆ ಸುಡಾನೇ ಊರು. ಕೆಲಸಕ್ಕೆ ಹೋದವರು ಭಾರತಕ್ಕೆ ‘ಹಿಂದಿರುಗಿದರು’ ಎನ್ನಬಹುದು, ಅಜ್ಜನ ಕಾಲದಿಂದ ಅಲ್ಲಿದ್ದವರಿಗೆ ಇದು ಊರು ಬಿಟ್ಟು ಹೋದದ್ದು. ಇವರ ವಿಷಯವನ್ನು ನಾವು ಇನ್ನೂ ಸರಿಯಾಗಿ ಬರೆದಿಟ್ಟಿಲ್ಲ.

ಇನ್ನೊಬ್ಬರು, ಹೀಗೆ ಹೋಗುವ ನಮ್ಮವರಿಗೆ ಸರ್ಕಾರ ಏನು ಮಾಡಬಹುದು ಎಂದು ಕೇಳಿದರು.

ಮೊದಲು ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹತ್ತನೇ ತರಗತಿ ಪಾಸಾಗದವರು ಸುಡಾನ್ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವಾಗ ವಲಸೆ ಅನುಮತಿ ಪಡೆಯಬೇಕು, ಅವರಿಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಇದೆ. ಆದರೆ ಆ ವ್ಯವಸ್ಥೆಯನ್ನು ಮಾಡಿರುವುದು ಒಬ್ಬ ಮಾಲೀಕನ ಕೆಳಗೆ ಕೆಲಸಕ್ಕೆ ಹೋಗುವವರಿಗಾಗಿ. ತಾವೇ ಸರಕು ಹೊತ್ತು, ತಾವೇ ಬೀದಿಯಲ್ಲಿ ಮಾರುವವರು ಅದರೊಳಗೆ ಬರುವುದಿಲ್ಲ. ಕೇರಳದಲ್ಲಿ ಹೊರಗೆ ದುಡಿಯಲು ಹೋದವರಿಗೆಂದೇ ನೋರ್ಕಾ ಇಲಾಖೆ 1996ರಿಂದ ಇದೆ, ಗುರುತಿನ ಚೀಟಿ, ವಿಮೆ ಕೊಡುತ್ತದೆ. ನಮ್ಮಲ್ಲೂ ಅನಿವಾಸಿ ಭಾರತೀಯ ಸಮಿತಿ ಇದೆ. ಪಕ್ಷಿರಾಜಪುರ, ಸದಾಶಿವಪುರದಂಥ ಕಡೆ ಆ ಸಮಿತಿಯವರು ವರ್ಷಕ್ಕೊಮ್ಮೆ ಹೋಗಿ ಕೂತು, ಯಾರು ಯಾವ ದೇಶಕ್ಕೆ ಹೊರಟಿದ್ದಾರೆ ಎಂದು ಬರೆದುಕೊಂಡು, ಲಸಿಕೆ ಪತ್ರ ಮಾಡಿಸಿ, ರಾಯಭಾರ ಕಚೇರಿಯ ನಂಬರನ್ನು ಅವರ ಫೋನಿಗೆ ಹಾಕಿಕೊಡಲಿ. ಟಿಕೆಟ್ಟಿಗೆ ಬಡ್ಡಿ ಸಾಲದ ಬದಲು ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದಿಂದ ಸಾಲ, ಸರಕಿಗೆ ವಿಮೆ ಸಿಗಲಿ. ಈ ಸಭೆಯಲ್ಲಿ ಹುಣಸೂರು, ಚನ್ನಗಿರಿ ಕಡೆಯವರು ಇದ್ದರೆ ನಿಮ್ಮ ಶಾಸಕರಿಗೆ ಇದನ್ನು ಬರೆಯಿರಿ. ಕರಡು ನಾನು ಮಾಡಿಕೊಡುತ್ತೇನೆ, ಸಹಿ ಹಾಕುವವರು ಇಲ್ಲೇ ಹೆಸರು ಕೊಟ್ಟು ಹೋಗಿ.